ಬೋರ್ಡಿನ ಮೇಲಿನ ಪೈಲ್ವಾನ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರಿನ ಕುಸ್ತಿ ಜಾಹೀರಾತಿನ ತಗಡಿನ ಬೋರ್ಡಿನಲ್ಲಿ ಚಿನ್ನಸ್ವಾಮಿಯ ಮೀಸೆ ಮೊಳದುದ್ದ ಇತ್ತು. ಬೈಲಪ್ಪನ ಹೆಸರು ಅದೇ ಬೋರ್ಡಿನ ತಳದಲ್ಲಿ, 'ಹೆಂಗಸರಿಗೆ ಪ್ರತ್ಯೇಕ ಸ್ಥಳವಿದೆ' ಎಂಬುದಕ್ಕಿಂತ ಸಣ್ಣ ಅಕ್ಷರದಲ್ಲಿತ್ತು. ಅರವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಒಂದು ಭಾನುವಾರ ಟಿಕೆಟ್ ಕುಸ್ತಿ ನಿಂತುಹೋಗಲು ಇಷ್ಟೇ ಕಾರಣ.

ಇಬ್ಬರೂ ಒಂದೇ ಗರಡಿಯವರು. ಕಂಟ್ರಾಕ್ಟರ್ ಆದಿನಾರಾಯಣಪ್ಪನ ಸಂಬಳದಲ್ಲಿ ಪ್ರತಿ ಭಾನುವಾರ ಕುಸ್ತಿ ಹಿಡಿಯುವವರು. ಆದರೆ ಬಾದಾಮಿ ಹಾಲು ಚಿನ್ನಸ್ವಾಮಿಗೆ ಮಾತ್ರ. ಉಳಿದವರಿಗೆ ನೀರು ಮಜ್ಜಿಗೆ. ಆ ಲೋಟ ಕಂಡಾಗಲೆಲ್ಲ ಬೈಲಪ್ಪನ ಹೊಟ್ಟೆ ಸುಣ್ಣದ ಗೂಡಿನಂತೆ ಉರಿಯುತ್ತಿತ್ತು. ಹೆಂಡತಿ ಪಾಪಮ್ಮ ಅದಕ್ಕೆ ಗಾಳಿ ಹಾಕುತ್ತಿದ್ದಳು: "ಬೋರ್ಡಿನಾಗೆ ನಿಮ್ಮ ಮುಖ ಎಲ್ಲೈತೆ ಅಂತ ನಮ್ಮಕ್ಕ ಕೇಳ್ತಾಳೆ. ಏನು ಹೇಳ್ಲಿ?"

ಆ ಭಾನುವಾರ ಬೆಳಿಗ್ಗೆ ಪೈಲ್ವಾನರೆಲ್ಲ ಗುದ್ದಲಿ ಹಿಡಿದು ಬಂದಿದ್ದರು. ಸಂಜೆಯ ಕುಸ್ತಿಗೆ ಅಖಾಡದ ಕೆಮ್ಮಣ್ಣು ಅಗೆದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುವುದು ಅವರದೇ ಕೆಲಸ. ಲಂಗೋಟಿ ಕಟ್ಟಿ ಗರಡಿ ದೇವರಿಗೆ ಕೈಮುಗಿಯದವನು ಆ ಮಣ್ಣು ಮುಟ್ಟುವಂತಿಲ್ಲ. ಬೈಲಪ್ಪನಿಗೆ ಅಲ್ಲೇ ಬುದ್ಧಿ ಹೊಳೆಯಿತು.

"ಲೇ, ನಾವು ಮಣ್ಣು ಅಗೀದಿದ್ರೆ ಕಂಟ್ರಾಕ್ಟ್ರು ಏನು ಮಾಡ್ತಾನ್ಲಾ? ಎಲ್ರಿಗೂ ಬಾದಾಮಿ ಹಾಲು ಕೊಡ್ಲಿ. ಬೋರ್ಡಿನಾಗೆ ಪಾಳಿ ಪ್ರಕಾರ ಎಲ್ರ ಮುಖನೂ ಬರೆಸ್ಲಿ. ಅಲ್ಲೀವರ್ಗೂ ಗುದ್ದಲಿ ಮುಟ್ಬಾರ್ದು!"

ಮೊದಲು ಗುದ್ದಲಿ ಎಸೆದವನು ಚಿನ್ನಸ್ವಾಮಿ. "ನ್ಯಾಯವಾದ ಮಾತು ಕಣಣ್ಣ!"

ಬೈಲಪ್ಪನಿಗೆ ಇನ್ನಷ್ಟು ಉರಿಯಿತು. ಇವನ ಮೇಲಿನ ಹೊಟ್ಟೆಕಿಚ್ಚಿಗೆ ಹೂಡಿದ ಮುಷ್ಕರದಲ್ಲೂ ಇವನೇ ಮುಂದೆ ಬರಬೇಕೆ?

ಆದಿನಾರಾಯಣಪ್ಪ ಪಂಚೆ ಎತ್ತಿ ಓಡಿಬಂದ. "ಏನ್ರಪ್ಪಾ ಇದು! ಮುಂದಿನ ವಾರಕ್ಕೆ ಭಾರೀ ಜೋಡಿ ಗೊತ್ತು ಮಾಡಿ ಅಡ್ವಾನ್ಸ್ ಕೊಟ್ಬಿಟ್ಟಿದ್ದೀನಿ, ಹೊಟ್ಟೆ ಮೇಲೆ ಹೊಡೀಬೇಡ್ರೋ!" ಯಾರೂ ಕದಲಲಿಲ್ಲ. ಆತ ಬೀದಿಯಿಂದ ನಾಲ್ವರು ಕೂಲಿಗಳನ್ನು ಕರೆತಂದ. ಗರಡಿಯ ಉಸ್ತಾದ್ ಅಪ್ಪಯ್ಯಣ್ಣ ಬಾಗಿಲಿಗೆ ಕೋಲು ಅಡ್ಡ ಹಿಡಿದು, "ಮೊದ್ಲು ಲಂಗೋಟಿ ಕಟ್ರಪ್ಪಾ" ಎಂದ. ಕೂಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಟ ಕಿತ್ತರು.

ಮಧ್ಯಾಹ್ನ ಜಟಕಾ ಗಾಡಿಯಲ್ಲಿ ತಮಟೆ ಬಡಿಯುತ್ತ ಸಾರಿದರು: ಕುಸ್ತಿ ನಿಂತಿದೆ, ಮುಂದಿನದು ಗೊತ್ತಿಲ್ಲ. ಮಗ್ಗಕ್ಕೆ ರಜೆ ಮಾಡಿ ಟಿಕೆಟ್ ಕೊಂಡಿದ್ದ ನೇಕಾರರು ಬೈಲಪ್ಪನನ್ನು ಮುತ್ತಿಕೊಂಡರು. ಗುಂಪನ್ನು ತಣಿಸಲು ಜೊತೆಯ ಪೈಲ್ವಾನ ಪಿಳ್ಳಪ್ಪ ಬೆಂಚು ಹತ್ತಿ ಕೂಗಿದ: "ಸುಮ್ಕಿರ್ರೋ! ನಮ್ ಲೀಡ್ರು ಉಪವಾಸ ಕೂತವ್ರೆ!"

"ನಾನ್ಯಾವಾಗ್ಲಾ ಕೂತೆ?" ಎನ್ನುವಷ್ಟರಲ್ಲಿ ಬೈಲಪ್ಪನ ಕೊರಳಿಗೆ ಹಾರ ಬಿದ್ದಿತ್ತು.

ಹೊತ್ತಿಗೆ ಮೂರು ಮುದ್ದೆ ನುಂಗುವ ಜೀವ ಅದು. ಎದುರಿನ ಕದಿರಮ್ಮನ ಹೋಟೆಲಿನಿಂದ ಅವರೆಕಾಳು ಸಾರಿನ ವಾಸನೆ ಬಂದಾಗಲೆಲ್ಲ ಲೀಡರ ಕಣ್ಣು ಕಟ್ಟಿಹಾಕಿದ ಎಮ್ಮೆಯಂತೆ ಅತ್ತ ಹೊರಳುತ್ತಿತ್ತು. ಏಳಲು ಹೋದಾಗಲೆಲ್ಲ ಚಿನ್ನಸ್ವಾಮಿ ಹೆಗಲು ಒತ್ತಿ ಕೂರಿಸಿ, ಟವೆಲಿನಲ್ಲಿ ಗಾಳಿ ಬೀಸುತ್ತಿದ್ದ: "ಬಿಡಬ್ಯಾಡ ಕಣಣ್ಣ. ಬೋರ್ಡು ಸಿಗೋವರ್ಗೂ ಏಳಬ್ಯಾಡ!"

ಸಂಜೆ ಹೊತ್ತಿಗೆ ಕಂಟ್ರಾಕ್ಟರ್ ಸೋತ. ಕೊಳಗದ ತುಂಬ ಬಾದಾಮಿ ಹಾಲು ಬಂತು. ಉಪವಾಸದವನು ಕೊನೆಗೆ ಕುಡಿಯಬೇಕೆಂದು ಪಿಳ್ಳಪ್ಪ ಹೊಸ ನಿಯಮ ತೆಗೆದ. ಬೈಲಪ್ಪನ ಪಾಲಿಗೆ ಕೊಳಗದ ತಳದ ಗಷ್ಟು ಉಳಿಯಿತು. ಹೋಗಲಿ, ಬೋರ್ಡು?

"ಮೊದಲ್ನೇ ಪಾಳಿ ಲೀಡ್ರದೇ" ಎಂದ ಆದಿನಾರಾಯಣಪ್ಪ. ಬೈಲಪ್ಪನ ಎದೆ ಪೂರಿಯಂತೆ ಉಬ್ಬಿತು. "ಪದ್ಧತಿ ಗೊತ್ತಲ್ಲಪ್ಪಾ? ಬೋರ್ಡಿನಾಗೆ ಇರೋನೇ ಕೊನೇ ದೊಡ್ಡ ಜೋಡಿ ಹಿಡೀಬೇಕು. ಮುಂದಿನ ಭಾನುವಾರ ಸೊಲ್ಲಾಪುರದ ಪೈಲ್ವಾನ ಬರ್ತಾವ್ನೆ. ಕೋಲಾರದಾಗೆ ಅವನ ಕೈಗೆ ಸಿಕ್ಕಿದೋನು ಇನ್ನೂ ಮಂಚ ಬಿಟ್ಟೆದ್ದಿಲ್ಲ."

ಪೂರಿ ಇಳಿಯಿತು. ಚಿನ್ನಸ್ವಾಮಿ ಮೀಸೆಗೆ ಅಂಟಿದ ಹಾಲಿನ ಕೆನೆ ಒರೆಸಿಕೊಂಡ. "ಆ ಜೋಡಿ ಗೊತ್ತಾದಾಗಿಂದ ನಂಗೆ ನಿದ್ದೆ ಇರ್ಲಿಲ್ಲ ಕಣಣ್ಣ. ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಮುಖವಾದರೂ ಊರಿಗೆ ಕಾಣಲಿ ಎಂದುಕೊಂಡು ಮರುದಿನ ಬೈಲಪ್ಪ ಪಾಪಮ್ಮನನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದ. ಪೇಂಟರ್ ಲಕ್ಷ್ಮಯ್ಯ ಆಗಲೇ ಏಣಿ ಇಳಿಯುತ್ತಿದ್ದ. ಮೇಲೆ 'ಬೈಲಪ್ಪ' ಎಂದು ಆಳೆತ್ತರದ ಅಕ್ಷರ. ಅದರ ಕೆಳಗೆ ಅದೇ ಚಿನ್ನಸ್ವಾಮಿ, ಅದೇ ಮೊಳದುದ್ದದ ಮೀಸೆ.

"ಮುಖ ಎಲ್ಲಯ್ಯಾ?"

"ಅದಕ್ಕೆ ಬಣ್ಣ ತರೋ ದುಡ್ಡು ಬಾದಾಮಿಗೆ ಹೋಯ್ತಂತೆ ಗುರು. ಹೆಸರು ಮಾತ್ರ ಬದಲಾಯ್ಸು ಅಂದ್ರು."

ಪಾಪಮ್ಮ ಬೋರ್ಡನ್ನೂ ಗಂಡನನ್ನೂ ಎರಡೆರಡು ಸಲ ನೋಡಿದಳು.

"ಹೋಗ್ಲಿ ಬಿಡಿ. ಮುಖ ಅವರದ್ದಾದ್ರೇನು, ಏಟು ನಿಮ್ದೇ ತಾನೆ? ನಮ್ಮಕ್ಕನಿಗೆ ಹೇಳ್ತೀನಿ."