ಮೀನಿಗೆ ಅಳತೆ ಕೊಟ್ಟಿಲ್ಲ

ನಮ್ಮ ಸೋದರಮಾವ ಸ್ವರ್ಗದ ಬಾಗಿಲಿಗೆ ಹೋದರೂ ಒಳಗೆ ಕಾಲಿಡುವ ಮೊದಲು ಅದರ ಚಕ್ಕುಬಂದಿ ಕೇಳುತ್ತಾನೆ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರ ಜಾಗ, ಉತ್ತರದ ಕಲ್ಲು ಎಲ್ಲಿ? ತೃಪ್ತಿಕರ ಉತ್ತರ ಸಿಗದಿದ್ದರೆ ಹೊರಗೇ ನಿಲ್ಲುತ್ತಾನೆ. ಒಳಗೆ ಆರಾಮಾಗಿ ಇದ್ದವರಿಗೂ ಅನುಮಾನ ಹುಟ್ಟಿಸುತ್ತಾನೆ!

ಜೀವಮಾನವೆಲ್ಲ ಮೋಜಣಿ ಇಲಾಖೆಯಲ್ಲಿ ಹೊಲ ಅಳೆದು ಲಕ್ಷ್ಮೇಶ್ವರದಲ್ಲಿ ನಿವೃತ್ತನಾಗಿ ಕುಳಿತವನು ಈತ. ಇಂಥವನು ಹಣೆಯ ವಿಭೂತಿ ಅಳಿಸಿಕೊಳ್ಳದೆಯೇ ಕ್ರೈಸ್ತರ ಹಳೆ ಒಡಂಬಡಿಕೆಯ ಮೇಲೆ ಅಳತೆಯ ಸರಪಳಿ ಎಳೆಯಲು ಹೊರಟದ್ದು ಹೇಗೆ?

ಬೆಟಗೇರಿಯ ಮಾಸ್ತರರಿಂದ. ಅವರು ಕ್ರೈಸ್ತರು, ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ಒಮ್ಮೆ ಅವರ ಹಿತ್ತಲಿನ ಬಗ್ಗೆ ನೆರೆಯವನು ತಕರಾರು ತೆಗೆದ. ಅಜ್ಜನ ಕಾಲದ ಕಾಗದದಲ್ಲಿ ‘ಪೂರ್ವಕ್ಕೆ ಹುಣಸೆಗಿಡ’ ಎಂದಿತ್ತು. ಹೋಗಿ ನೋಡಿದರೆ ಗಿಡ ಇಲ್ಲ! “ಗಿಡಾನ ಇಲ್ಲಂದಮ್ಯಾಲ ಹಿತ್ತಲ ಎಲ್ಲಿಂದ ಬಂತು?” ಎಂದು ನೆರೆಯವನ ವಾದ. ಅಳೆಯಲು ಬಂದ ಮಾವ ಓಣಿಯ ಮುದುಕರನ್ನೆಲ್ಲ ಮಾತಾಡಿಸಿ, ಗಿಡ ನಿಂತಿದ್ದ ಜಾಗ ಹುಡುಕಿ, ಮಣ್ಣಿನಡಿ ಹೂತಿದ್ದ ಗಡಿಕಲ್ಲು ತೋರಿಸಿದ.

“ಕಾಗದಾ ಬರದವರು ತಮ್ಮ ಕಣ್ಣಿಗೆ ಕಂಡದ್ದ ಬರದಾರ. ಗಿಡ ಹೋದ್ರ ಜಾಗಾ ಹೋಗೂದಿಲ್ಲ” ಅಂದ.

ಹಿತ್ತಲು ಉಳಿಯಿತು. ಮಾಸ್ತರರು ಕೃತಜ್ಞತೆಯಿಂದ ತಮ್ಮ ಧರ್ಮಗ್ರಂಥದ ಒಂದು ಪ್ರತಿಯನ್ನು ಮಾವನ ಕೈಗಿತ್ತರು. ಕೊಡಬಾರದಿತ್ತು! ಮಾವ ಅದನ್ನು ಹಳೆಯ ಖರೀದಿಪತ್ರ ಓದಿದಂತೆ ಓದತೊಡಗಿದ. ಮಾಸ್ತರರೋ, ಅದರಲ್ಲಿದ್ದ ಪ್ರತಿ ಅಕ್ಷರವೂ ಬರೆದ ಹಾಗೆಯೇ ನಡೆದದ್ದು ಎಂದು ನಂಬಿದವರು. ಅಂದಿನಿಂದ ಪ್ರತಿ ಶನಿವಾರ ಮಾವ ಬೆಟಗೇರಿಗೆ, ಚೀಲ ಹಿಡಿಯಲು ನಾನು.

ಮೊದಲ ತಕರಾರು ಪ್ರಳಯದ ದೋಣಿಯದು. ಉದ್ದ ಮುನ್ನೂರು ಮೊಳ ಎಂದು ಬರೆದಿದೆ. ಓದಿ ಸುಮ್ಮನಿರುವ ಪೈಕಿಯೇ ಇವನು? ಹಳೆ ಸರಪಳಿ ತೆಗೆದು ಲಕ್ಷ್ಮೇಶ್ವರದ ಪೇಟೆಯಲ್ಲಿ ಅಳೆಯತೊಡಗಿದ. ಮೋಜಣಿದಾರ ಸರಪಳಿ ಹಿಡಿದು ರಸ್ತೆಗಿಳಿದರೆ ನಮ್ಮ ಊರಿಗೆ ತಿಳಿಯುವುದು ಒಂದೇ ಅರ್ಥ, ಒತ್ತುವರಿ ತೆರವು. ಚಹದಂಗಡಿಯವನು ಓಡಿಬಂದು ಮುಂದಿನ ತಗಡು ಬಿಚ್ಚತೊಡಗಿದ. ಹೂವಿನವಳು ಬುಟ್ಟಿ ಹಿಂದೆ ಸರಿಸಿದಳು. ಒಬ್ಬ ಭಾರೀ ವ್ಯಾಪಾರಿ ತಾನಾಗಿಯೇ ಎರಡು ಮೆಟ್ಟಿಲು ಒಡೆಸಿದ! ಪ್ರಳಯದ ದೋಣಿಯಿಂದ ಜಗತ್ತಿನಲ್ಲಿ ಯಾರು ಉಳಿದರೋ ಗೊತ್ತಿಲ್ಲ, ನಮ್ಮ ಪೇಟೆಯ ರಸ್ತೆ ಮಾತ್ರ ಎರಡಡಿ ಅಗಲವಾಯಿತು.

ಮುಂದೆ ದೋಣಿಯಲ್ಲಿದ್ದ ಪ್ರಾಣಿಗಳ ಮೇವಿನ ಪ್ರಶ್ನೆ. ಅದಕ್ಕೆ ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಹೋದೆವು. ಎರಡು ಜಿಂಕೆ ವರ್ಷಕ್ಕೆ ಎಷ್ಟು ಹುಲ್ಲು ತಿನ್ನುತ್ತವೆ ಎಂದು ಮಾವ ಕಾವಲುಗಾರನನ್ನು ಗಂಭೀರವಾಗಿ ವಿಚಾರಿಸಿದ. ಆತ ಮೇಲಿಂದ ಕೆಳಗೆ ನೋಡಿ, “ಯಾಕ್ರಿ, ಸಾಕಾವ್ರೇನು?” ಅಂದ.

“ಇಲ್ಲಪಾ, ಒಂದ ದೋಣ್ಯಾಗ ಜಿಂಕಿ, ಹುಲಿ, ಎಲ್ಲಾ ಎರಡೆರಡು ಇದ್ವಂತ.”

“ಹುಲಿನೂ ಇತ್ತೇನ್ರಿ? ಹಂಗಾರ ಜಿಂಕಿ ಹುಲ್ಲಿನ ಲೆಕ್ಕ ಬಿಡ್ರಿ, ಜಲ್ದಿ ಮುಗಿತೈತಿ.”

ಇನ್ನೊಂದು ಶನಿವಾರ ಮಾಸ್ತರರು ಒಬ್ಬ ಪ್ರವಾದಿಯ ಮಾತು ತೋರಿಸಿ, “ನೋಡ್ರಿ ಸಾಹೇಬ್ರ, ನಮ್ಮ ಸ್ವಾಮಿ ಬರೂದನ್ನ ಎಷ್ಟೋ ನೂರ ವರ್ಷ ಮೊದಲ ಹೇಳ್ಯಾನ” ಅಂದರು.

ಮಾವ ಕನ್ನಡಕ ಸರಿಪಡಿಸಿಕೊಂಡ. “ಮಾಸ್ತರ, ಇದು ಮೂಲದಾಗ ಯೆಹೂದ್ಯರ ಪತ್ರ. ಆ ಪ್ರವಾದಿಗೆ ತನ್ನ ಕಾಲದ ರಾಜಾ, ತನ್ನ ಕಾಲದ ಲಡಾಯಿ, ತನ್ನ ಮಂದಿ ಸಂಕಟ ಇರಲಿಲ್ಲೇನು? ಬರದವ್ರ ಮನಿ ಮಂದಿ ಇನ್ನೂ ಅದಾರ, ದಿನಾ ಓದತಾರ. ಅವರನ್ನ ಒಂದ ಮಾತ ಕೇಳದ ಗಡಿ ಹಾಕಿದ್ರ ನಮ್ಮ ಇಲಾಖೆದಾಗ ಸಸ್ಪೆಂಡ್ ಮಾಡತಿದ್ರು!”

ಕೇಳೋಣವೆಂದರೆ ಗದಗ ಜಿಲ್ಲೆಯಲ್ಲಿ ಯೆಹೂದ್ಯರೆಲ್ಲಿ? ಆದ್ದರಿಂದ ಎಪ್ಪತ್ತರ ಹೊಸ್ತಿಲಲ್ಲಿ ಮಾವ ಮೊಬೈಲ್ ನೋಡಿಕೊಂಡು ಮೂಲದ ಹೀಬ್ರೂ ಅಕ್ಷರ ತಿದ್ದತೊಡಗಿದ. ಬಲದಿಂದ ಎಡಕ್ಕೆ! ರೂಢಿ ಎಷ್ಟು ಬಲಿಯಿತೆಂದರೆ ಕಿರಾಣಿ ಚೀಟಿಯನ್ನೂ ಬಲತುದಿಯಿಂದ ಶುರುಮಾಡಿದ. ಅತ್ತೆ ಹಣೆ ಚಚ್ಚಿಕೊಂಡಳು: “ಇಷ್ಟ ದಿನಾ ಬರೇ ಉಲ್ಟಾ ಮಾತಾಡತಿದ್ರು. ಈಗ ಬರಿಯಾಕೂ ಹತ್ಯಾರವಾ!”

ನಗಬೇಡಿ. ಒಮ್ಮೆ ಬಸ್ಸಿನಲ್ಲಿ ಯಾರೋ ಮಾಸ್ತರರ ನಂಬಿಕೆಯನ್ನು ಹಂಗಿಸಿದಾಗ ಮಾವ ಕೆಂಡವಾಗಿದ್ದ. “ಮೊದಲ ನಿನ್ನ ಮನಿ ಪುರಾಣದ್ದು ಮೊಳಾ ಹಾಕಿ ಬಾ. ಆಮ್ಯಾಲ ಅವರ ಸುದ್ದಿಗೆ ಬರುವಿಯಂತ!” ಪ್ರಶ್ನೆ ಕೇಳುವುದಕ್ಕೂ ಹಂಗಿಸುವುದಕ್ಕೂ ನಡುವೆ ಗಡಿಕಲ್ಲು ನೆಟ್ಟವನು ಅವನು. ಅದನ್ನು ಎಂದೂ ದಾಟಿದ್ದು ನಾನು ಕಂಡಿಲ್ಲ.

ಆದರೆ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದ ವ್ಯಾಜ್ಯ ಮೀನಿನದು. ದೇವರ ಮಾತಿಗೆ ಬೆನ್ನು ತಿರುಗಿಸಿ ಓಡಿದ ಪ್ರವಾದಿಯನ್ನು ಮೀನೊಂದು ನುಂಗಿ, ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡು, ದಡಕ್ಕೆ ಕಾರಿದ ಕಥೆ.

“ಮೀನ ಖರೇನ ಇತ್ತು!” ಎಂದು ಮಾಸ್ತರರು.

“ಎಷ್ಟ ಮೊಳಾ? ದೋಣಿಗೆ ಅಳತಿ ಕೊಟ್ಟಾರ, ದೇವರ ಗುಡಾರಕ್ಕ ಕೊಟ್ಟಾರ, ಅದರಾಗಿನ ಪೆಟ್ಟಿಗಿಗೆ ಸೈತ ಕೊಟ್ಟಾರ. ಮೀನಿಗೆ ಕೊಟ್ಟಿಲ್ಲ. ಯಾಕ? ಅದು ಮೀನಿನ ಸುದ್ದೀನ ಅಲ್ಲ ಮಾಸ್ತರ, ಓಡಿ ಹೋಗೂ ಮನಶ್ಯಾನ ಸುದ್ದಿ!”

ದನಿ ಏರುತ್ತಿದ್ದಂತೆ ಒಳಗಿನಿಂದ ಮಾಸ್ತರರ ಹೆಂಡತಿಯ ಕೂಗು ಬರುತ್ತಿತ್ತು. ದವಾಖಾನೆಯಲ್ಲಿ ನರ್ಸ್ ಆಗಿದ್ದವರು, ನಾವು ಅಕ್ಕೋರು ಎನ್ನುತ್ತಿದ್ದೆವು. “ಮೀನು ಇರಲಿ, ಚಹಾ ಆರಾಕತ್ತೈತಿ!” ವಾದದ ಭರದಲ್ಲಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಅವರಿಬ್ಬರು ಬಿಸಿ ಚಹ ಕುಡಿದದ್ದೇ ಇಲ್ಲ.

ಈ ವರ್ಷ ಅಕ್ಕೋರು ತೀರಿಕೊಂಡರು.

ಎರಡು ಶನಿವಾರ ಮಾವ ಹೋಗಲಿಲ್ಲ. ಮೂರನೆಯದಕ್ಕೆ ಹೋದಾಗ ಮಾಸ್ತರರ ಮೇಜು ಬರಿದಾಗಿತ್ತು. ಗ್ರಂಥವನ್ನು ಕಪಾಟಿನ ನೆತ್ತಿಯ ಮೇಲೆ ಎತ್ತಿಟ್ಟಿದ್ದರು. ತಾವೇ ಚಹ ಮಾಡಿ ತಂದಿಟ್ಟು ಎದುರಿಗೆ ಕೂತರು.

“ನೀವ ಗೆದ್ರಿ ಸಾಹೇಬ್ರ. ಎಲ್ಲಾ ಕಥಿ. ದೋಣಿ ಇಲ್ಲ, ಮೀನಿಲ್ಲ. ಆಕಿ ಹೋದ ಜಾಗಾನೂ ಇಲ್ಲ.”

ಇಷ್ಟು ವರ್ಷ ಕಾದ ಗೆಲುವು! ಮಾವನ ಮುಖ ಮಾತ್ರ ಸೋತವನ ಹಾಗಿತ್ತು. ಸ್ಟೂಲು ಹತ್ತಿ, ಗ್ರಂಥ ಇಳಿಸಿ, ಧೂಳನ್ನು ಧೋತರದಿಂದ ಒರೆಸಿ, ಅವರ ಮುಂದಿಟ್ಟ.

“ಮಾಸ್ತರ, ನಾ ಯಾವತ್ತರ ಜಾಗಾ ಇಲ್ಲ ಅಂದೇನೇನು? ಗಿಡ ಇಲ್ಲ ಅಂದೆ, ಅಷ್ಟ. ಆ ಮೀನಿನ ಹೊಟ್ಯಾಗ ಮೂರ ದಿನ ಅಂತ ಬರದಾರಲ್ಲ, ಅಲ್ಲಿ ಕತ್ತಲಿ ನಾ ಅಳದಿರಲಿಲ್ರಿ. ಇವತ್ತ ನಿಮ್ಮ ಮನ್ಯಾಗ ಕಂಡೆ. ಅದು ಸುಳ್ಳಲ್ಲ.”

ಮಾಸ್ತರರು ಗ್ರಂಥದ ರಟ್ಟಿನ ಮೇಲೆ ಕೈಯಾಡಿಸಿದರು. ಮಾವ ಮೆಲ್ಲಗೆ ಕೇಳಿದ: “ಈಗ ಹೇಳ್ರಿ, ಮೀನ ಎಷ್ಟ ಮೊಳಾ ಇತ್ತು?”

“ಅಳತಿ ಕೊಟ್ಟಿಲ್ಲ ಅಂತ ನೀವ ಹೇಳಿದ್ರಿ.”

“ನಾ ಹೇಳಿದ್ದೆಲ್ಲಾ ನಂಬತೀರೇನು?”

“ಇಲ್ಲ!” ಮಾಸ್ತರರು ಕನ್ನಡಕ ಹುಡುಕಿದರು. “ಮೀನ ಖರೇನ ಇತ್ತು. ದೊಡ್ಡದ ಇತ್ತು!”

ಪುಟಗಳು ತಿರುಗಿದವು, ದನಿ ಏರಿತು. ಏರಿದ ದನಿಯ ನಡುವೆಯೇ ಮಾವ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಬಟ್ಟಲನ್ನು ಮಾಸ್ತರರ ಕಡೆ ಸರಿಸಿದ.

“ಮೀನು ಇರಲಿ ಮಾಸ್ತರ. ಚಹಾ ಆರಾಕತ್ತೈತಿ.”