ಹಿಂದಿನ ಚಕ್ರದ ಟಿಕ್ ಟಿಕ್

ನಮ್ಮ ದೊಡ್ಡಮ್ಮ ಕಾರಿಗೆ ಥರ್ಮಾಮೀಟರ್ ಇಡುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಚಿಕಿತ್ಸೆಯನ್ನೂ ಮಾಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ. ಥರ್ಮಾಮೀಟರನ್ನೂ ಇಟ್ಟಿದ್ದಾರೆ, ರೇಡಿಯೇಟರಿನ ಬಾಯಿಗೆ! ಅದು ಪಟ್ ಎಂದು ಒಡೆಯಿತು. "ಜ್ವರ ಜಾಸ್ತಿ ಇತ್ತು ಕಣೋ" ಎಂದರು ದೊಡ್ಡಮ್ಮ, ನಗದೆ.

ಅವರು ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಡಾಕ್ಟರು ವಾರಕ್ಕೊಂದು ದಿನ ಬರುತ್ತಿದ್ದರು. ಕಾಯಿಲೆಗಳು ವಾರವಿಡೀ ಬರುತ್ತಿದ್ದವು. ಹೀಗಾಗಿ ಕೂಲಿಯವರ ಲೈನ್‌ಮನೆಗಳ ಜನ, ಲೆಕ್ಕ ಬರೆಯುವ ರೈಟರು, ಮ್ಯಾನೇಜರು, ಮ್ಯಾನೇಜರ ನಾಯಿ, ಎಲ್ಲರ ನಾಡಿ ಹಿಡಿದದ್ದೂ ಇವರೇ. ನಿವೃತ್ತರಾದ ಮೇಲೆ ಕುಶಾಲನಗರದಿಂದ ಹತ್ತು ಕಿಲೋಮೀಟರ್ ಆಚೆ, ನಮ್ಮ ಮನೆಯ ಪಕ್ಕದಲ್ಲೇ ಬಂದು ನೆಲೆಸಿದರು. ಆಗ ಒಂದು ತೊಂದರೆಯಾಯಿತು. ನಮ್ಮ ಊರಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದರು. ಸ್ವಲ್ಪ ಕೆಮ್ಮಿದವರೂ ದೊಡ್ಡಮ್ಮನ ಇಂಜೆಕ್ಷನ್ನಿನ ನೆನಪಾಗಿ ಕೆಮ್ಮು ನುಂಗಿಕೊಳ್ಳುತ್ತಿದ್ದರು. ಕಾಯಿಲೆ ಬೀಳುವ ಧೈರ್ಯ ಉಳಿದಿದ್ದದ್ದು ಅವರ ಹದಿನೇಳು ವರ್ಷದ ಕಾರಿಗೆ ಮಾತ್ರ.

ಆ ಕಾರನ್ನು ಅವರು ಓಡಿಸುವ ರೀತಿಯನ್ನೂ ಹೇಳಿಬಿಡಬೇಕು. ಅವರಿಗೆ ಡ್ರೈವಿಂಗ್ ಕಲಿಸಿದವರು ನಮ್ಮ ದೊಡ್ಡಪ್ಪ. ದೊಡ್ಡಪ್ಪ ಜೀವಮಾನವೆಲ್ಲ ಕುಶಾಲನಗರದಿಂದ ಶ್ರೀಮಂಗಲಕ್ಕೆ ಬಸ್ಸು ಓಡಿಸಿದವರು. ತಮಗೆ ಗೊತ್ತಿದ್ದದ್ದನ್ನು ಕಲಿಸಿದರು. ಹೀಗಾಗಿ ದೊಡ್ಡಮ್ಮ ಆ ಪುಟ್ಟ ಕಾರನ್ನು ಪ್ರತಿ ತಿರುವಿನಲ್ಲೂ ಐವತ್ತು ಸೀಟಿನ ಬಸ್ಸಿನಂತೆ ಅಗಲಕ್ಕೆ ಹೊಡೆದು ತಿರುಗಿಸುತ್ತಾರೆ. ಬಸ್‌ಸ್ಟಾಪು ಕಂಡರೆ ನಿಧಾನ ಮಾಡುತ್ತಾರೆ. ಒಂದೆರಡು ಸಲ ಜನ ಹತ್ತಿಯೂ ಇದ್ದಾರೆ!

ಈಚೆಗೆ ನಾಲ್ಕೈದು ವರ್ಷಗಳಿಂದ ದೊಡ್ಡಪ್ಪನಿಗೆ ಮರೆವು. ಬೆಳಗಿನ ತಿಂಡಿ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನನ್ನನ್ನು ಒಮ್ಮೊಮ್ಮೆ ತಮ್ಮ ಹಳೆಯ ಕಂಡಕ್ಟರ್ ಎಂದುಕೊಂಡು, "ಚಿಲ್ಲರೆ ಎಣಿಸಿದೆಯೇನಯ್ಯ?" ಎನ್ನುತ್ತಾರೆ. ಮುಂದೆ ಕೂರಿಸಿದರೆ ಅವರ ಕೈ ತಾನಾಗಿ ಗೇರಿನ ಮೇಲೆ ಹೋಗುತ್ತದೆ. ಆದ್ದರಿಂದ ಅವರ ಜಾಗ ಯಾವಾಗಲೂ ಹಿಂದಿನ ಸೀಟು, ಎಡಗಡೆ, ಕಿಟಕಿ ಪಕ್ಕ. ಅಲ್ಲಿ ಕೂತು ಅವರು ಬಿದಿರು, ಶುಂಠಿ ಹೊಲ, ಗದ್ದೆ ನೋಡುತ್ತಾ ಏನಾದರೂ ಹೇಳುತ್ತಿರುತ್ತಾರೆ. ನಾವೆಲ್ಲ "ಹೂಂ ದೊಡ್ಡಪ್ಪ" ಎನ್ನುತ್ತಿರುತ್ತೇವೆ.

ಒಂದು ಭಾನುವಾರ ದೊಡ್ಡಮ್ಮ ನಮ್ಮ ಅಂಗಳಕ್ಕೆ ಕಾರು ತಂದು ನಿಲ್ಲಿಸಿ ಘೋಷಿಸಿದರು:

"ಮಗ, ಇದರ ಹಿಂದಿನ ಆಕ್ಸಲ್ಲಿನಲ್ಲಿ ಶಬ್ದ ಬರ್ತಿದೆ. ಟಿಕ್ ಟಿಕ್ ಅಂತ. ಎಡಗಡೆ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತು ವರ್ಷಗಳಿಂದ ಶಬ್ದದ ಪಾಠ ಮಾಡುತ್ತಿರುವವನು. ಹತ್ತಿ ಕೂತು ಊರಾಚೆಯ ಸೇತುವೆಯವರೆಗೆ ಹೋಗಿ ಬಂದೆ. ದೊಡ್ಡಪ್ಪ ಅಷ್ಟರಲ್ಲಿ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಕಾರಿನಿಂದ ಬರಬೇಕಾದ ಶಬ್ದಗಳೆಲ್ಲ ಬಂದವು, ಟಿಕ್ ಟಿಕ್ ಒಂದನ್ನು ಬಿಟ್ಟು.

"ಏನೂ ಇಲ್ವಲ್ಲ ದೊಡ್ಡಮ್ಮ" ಎಂದೆ.

"ಇದೆ" ಎಂದು, ವ್ಯಾನಿಟಿ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ದುಂಡಗೆ ಬರೆದಿತ್ತು. ರೋಗಿ: ಕಾರು. ವಯಸ್ಸು: ಹದಿನೇಳು. ದೂರು: ಹಿಂಭಾಗ ಎಡಕ್ಕೆ ಟಿಕ್ ಟಿಕ್. ಹಸಿವು: ಚೆನ್ನಾಗಿದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಿದ್ದೆ: ಚಳಿಗಾಲದಲ್ಲಿ ಬೇಗ ಏಳುವುದಿಲ್ಲ. ಕುಟುಂಬದಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ: ಗೊತ್ತಿಲ್ಲ.

ಇಂಥವರೊಡನೆ ವಾದ ಮಾಡುವುದುಂಟೇ?

ಮೊದಲ ತಪಾಸಣೆ ಅಮ್ಮತ್ತಿಯಲ್ಲಿ ನಡೆಯಿತು. ಅಲ್ಲಿಯ ಮೆಕ್ಯಾನಿಕ್ಕು ದೊಡ್ಡಮ್ಮನ ಹಳೆಯ ರೋಗಿ. ಬಗ್ಗಿ ನೋಡಿ, ಟೈರಿನ ಸಂದಿಯಿಂದ ಸ್ಕ್ರೂಡ್ರೈವರಿನಲ್ಲಿ ಏನನ್ನೋ ಮೀಟಿ ತೆಗೆದ.

"ಅಮ್ಮಾ, ಆಕ್ಸಲ್ಲೂ ಇಲ್ಲ ಎಂಥದೂ ಇಲ್ಲ. ಇಲ್ಲಿ ಒಂದು ಕಲ್ಲುಂಟು ನೋಡಿ."

ದೊಡ್ಡಮ್ಮ ಆ ಕಲ್ಲನ್ನು ತೊಳೆದು, ಒಂದು ಮಾತ್ರೆ ಬಾಟಲಿಯಲ್ಲಿ ಹಾಕಿ, ದಿನಾಂಕ ಬರೆದ ಚೀಟಿ ಅಂಟಿಸಿದರು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿದರು. ಕಿಡ್ನಿಯ ಕಲ್ಲು ಎಂದುಕೊಂಡ ನಮ್ಮ ಪಕ್ಕದ ಮನೆಯವರು, "ಪಾಪ, ಯಾರದು?" ಎಂದು ಕೇಳಿದರು. "ಕಾರಿಂದು" ಎಂದರು ದೊಡ್ಡಮ್ಮ. ಪಕ್ಕದ ಮನೆಯವರು ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು.

ಎರಡು ದಿನಕ್ಕೆ ಟಿಕ್ ಟಿಕ್ ಮರಳಿತು ಎಂದು ನೋಟ್‌ಬುಕ್ಕಿನಲ್ಲಿ ದಾಖಲಾಯಿತು.

ಎರಡನೆಯ ಮೆಕ್ಯಾನಿಕ್ಕು ಕುಶಾಲನಗರದವನು, ಹೆಸರು ಮುರುಗೇಶ. ಅವನು ದೊಡ್ಡಪ್ಪನನ್ನು ಇಳಿಸಿ ಬೆಂಚಿನ ಮೇಲೆ ಕೂರಿಸಿ, ಟೀ ತರಿಸಿಕೊಟ್ಟು, ಕಾರನ್ನು ಎರಡು ಸುತ್ತು ಓಡಿಸಿ ಬಂದ.

"ನನ್ ಕಿವಿಗೆ ಏನೂ ಬೀಳ್ತಿಲ್ಲ ಅಮ್ಮ."

"ಎಲ್ಲಿ, ತಿರುಗು."

ತಿರುಗಿದ. ದೊಡ್ಡಮ್ಮ ಟಾರ್ಚು ಬಿಟ್ಟು ಅವನ ಕಿವಿಯೊಳಗೆ ನೋಡಿದರು. "ಹೇಗಯ್ಯ ಬೀಳುತ್ತೆ? ಬಾಗಿಲು ಹಾಕ್ಕೊಂಡು ಕೂತಿದೀಯ. ನಾಲ್ಕು ದಿನ ಎರಡೆರಡು ತೊಟ್ಟು ಎಣ್ಣೆ ಬಿಡು. ಆಮೇಲೆ ಬರ್ತೀನಿ."

ನಾಲ್ಕು ದಿನ ಬಿಟ್ಟು ಹೋದೆವು. ಮುರುಗೇಶ ಎಣ್ಣೆ ಬಿಟ್ಟುಕೊಂಡಿದ್ದ. ದೊಡ್ಡಮ್ಮ ಹೇಳಿದ್ದನ್ನು ಮಾಡದೆ ಇರುವುದು ಅಷ್ಟು ಸುಲಭವಲ್ಲ. ಮತ್ತೆ ಎರಡು ಸುತ್ತು ಓಡಿಸಿ ಬಂದು ಮುಖ ಸಣ್ಣ ಮಾಡಿಕೊಂಡು ನಿಂತ.

"ಕಾರಿಂದು ಈಗ್ಲೂ ಕೇಳಲ್ಲಮ್ಮ. ಆದ್ರೆ ಪಕ್ಕದ ಗ್ಯಾರೇಜಿನವ್ನು ನನ್ ಬಗ್ಗೆ ಹೇಳೋದೆಲ್ಲ ಕೇಳ್ತಿದೆ. ಮೊದ್ಲಿನ ಥರಾನೇ ಮಾಡ್ಕೊಡೋಕಾಗುತ್ತಾ?"

ಇನ್ನು ನನ್ನ ಸರದಿ. ಶ್ರೀಮಂಗಲದಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಹೊರಡುವ ಮುನ್ನ ದೊಡ್ಡಮ್ಮ ತಮ್ಮ ಹಳೆಯ ಸ್ಟೆತಾಸ್ಕೋಪನ್ನು ನನ್ನ ಕೊರಳಿಗೆ ಹಾಕಿದರು.

"ಹಿಂದೆ ಮಲಕ್ಕೋ. ಆಕ್ಸಲ್ ಮೇಲಿನ ತಗಡಿಗೆ ಇದನ್ನ ಒತ್ತಿಟ್ಕೊಂಡು ಕೇಳು."

"ದೊಡ್ಡಮ್ಮ, ನಾನು ಮೇಷ್ಟ್ರು."

"ಅದಕ್ಕೇ ಹೇಳ್ತಿರೋದು. ಓದಿದವನ ಕಿವಿ ಬೇಕು."

ನನ್ನ ಕಾಲು ಚಾಚಲೆಂದು ಹಿಂದಿನ ಸೀಟು ಮಡಚಿದರು. ದೊಡ್ಡಪ್ಪ ಮುಂದಕ್ಕೆ ಹೋದರು. ಚಳಿ ಎಂದು ನನ್ನ ಮೇಲೊಂದು ಕಂಬಳಿ ಹೊದಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಡಿಕ್ಕಿಯಲ್ಲಿ ಸ್ಟೆಪ್ನಿ ಟೈರನ್ನು ತಬ್ಬಿಕೊಂಡು ನಾನು ಮಲಗಿದೆ. ಕೇಳಿಸಿದ್ದೇನು? ರಸ್ತೆಯ ಗುಂಡಿಗಳು ಒಂದೊಂದಾಗಿ ಕೇಳಿಸಿದವು. ನನ್ನ ಎದೆಬಡಿತ ಕೇಳಿಸಿತು. ಮುಂದಿನಿಂದ "ರೀ, ಗೇರು ಮುಟ್ಬೇಡಿ" ಎಂಬುದು ಹನ್ನೆರಡು ಸಲ ಕೇಳಿಸಿತು. ಟಿಕ್ ಟಿಕ್ ಮಾತ್ರ ಇಲ್ಲ.

ಕಾಡಿನ ಅಂಚಿನ ಚೆಕ್‌ಪೋಸ್ಟಿನಲ್ಲಿ ಕಾರು ನಿಂತಿತು. ಕಂಬಳಿಯಿಂದ ಹೊರಗೆ ಚಾಚಿದ್ದ ನನ್ನ ಎರಡು ಪಾದಗಳನ್ನು ಗಾರ್ಡು ಕಿಟಕಿಯಿಂದ ಕಂಡಿರಬೇಕು. ಡಿಕ್ಕಿ ತೆಗೆದು, ಕೋಲಿನ ತುದಿಯಲ್ಲಿ ಕಂಬಳಿ ಸರಿಸಿದ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ!

"ಸಾರ್?"

"ಹೂಂನಪ್ಪ. ಚೆನ್ನಾಗಿದೀಯಾ?"

"ಚೆನ್ನಾಗಿದೀನಿ ಸಾರ್. ನೀವು... ಏನ್ ಸಾರ್ ಇದು?"

"ಏನಿಲ್ಲ. ಶಬ್ದ ಕೇಳ್ತಿದೀನಿ."

ಅವನು ನನ್ನ ಕೊರಳಿನ ಸ್ಟೆತಾಸ್ಕೋಪನ್ನು ನೋಡಿದ, ಸ್ಟೆಪ್ನಿಯನ್ನು ನೋಡಿದ. "ನಮಗೆ ನೀವು ಬರೀ ಪಾಠ ಮಾಡಿದ್ರಿ ಸಾರ್" ಎಂದ ಬೇಸರದಿಂದ. "ಪ್ರಾಕ್ಟಿಕಲ್ ಇರ್ಲಿಲ್ಲ." ಮತ್ತೆ ಕಂಬಳಿ ಹೊದಿಸಿ, ಡಿಕ್ಕಿಯನ್ನು ಮೆಲ್ಲನೆ ಮುಚ್ಚಿದ.

ಆ ವಾರ ಶಾಲೆಯಲ್ಲಿ ನನಗೆ ಮರ್ಯಾದೆ ಸ್ವಲ್ಪ ಜಾಸ್ತಿಯೇ ಸಿಕ್ಕಿತು. ಹುಷಾರಿಲ್ಲದವರಿಗೆ ಕೊಡುವಂಥ ಮರ್ಯಾದೆ.

ನನಗೆ ಸಿಟ್ಟು ಬಂದದ್ದು ಆಗ. ಹೋಗಿ ಹೇಳಿಯೇಬಿಟ್ಟೆ: "ದೊಡ್ಡಮ್ಮ, ಇಬ್ಬರು ಮೆಕ್ಯಾನಿಕ್ಕು ನೋಡಿಯಾಯ್ತು, ನಾನು ಮಲಗಿ ನೋಡಿಯಾಯ್ತು. ಶಬ್ದ ಕಾರಿನಲ್ಲಿಲ್ಲ, ನಿಮ್ಮ ತಲೆಯಲ್ಲಿದೆ. ನಿಮಗೂ ಎಪ್ಪತ್ತಾಯ್ತು."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ದೊಡ್ಡಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಇರಬಹುದು ಮಗ. ಆದ್ರೆ ಸೋಮವಾರ ಇವ್ರನ್ನ ಮಡಿಕೇರಿಗೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಬರೋವಾಗ ಪೂರ್ತಿ ಇಳಿಜಾರು, ಮೈಯೆಲ್ಲ ತಿರುವು. ಹಿಂದೆ ಕೂರೋರು ಇವ್ರು. ಅಷ್ಟರೊಳಗೆ ನಂಗೆ ಗೊತ್ತಾಗ್ಬೇಕು."

ಶನಿವಾರ ಬೆಳಿಗ್ಗೆ ಮೂರನೆಯ ಗ್ಯಾರೇಜು. ಅದೂ ಕುಶಾಲನಗರದಲ್ಲೇ. ಮಾಲೀಕ ರಫೀಕ್, ಮಾತು ಕಮ್ಮಿ. ಅವನೂ ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕಾರನ್ನು ಓಡಿಸಿ ಬಂದು ತಲೆಯಾಡಿಸಿದ.

"ಶಬ್ದ ಇಲ್ಲಮ್ಮ. ಶಬ್ದ ಇಲ್ದೆ ಏನಂತ ಬಿಚ್ಚಲಿ?"

"ಹೊಟ್ಟೆನೋವು ಅಂತ ಬಂದವರಿಗೆ ನನ್ನೆದುರಿಗೆ ನರಳಿದ್ರೇ ಔಷಧಿ ಅಂತ ನಾನು ಹೇಳಿದ್ನೇನಪ್ಪ? ಬಿಚ್ಚು. ಸೋಮವಾರ ಮಡಿಕೇರಿ ಘಾಟಿ ಇಳೀಬೇಕು. ಏನೂ ಇಲ್ದಿದ್ರೆ ಮುಚ್ಚು. ನಾನು ಮತ್ತೆ ಬಾಯಿ ತೆಗೆಯಲ್ಲ" ಎಂದು ದೊಡ್ಡಮ್ಮ ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟರು. ಬ್ಯಾಗಿನಿಂದ ಕಿತ್ತಳೆ ತೆಗೆದು ಸುಲಿಯತೊಡಗಿದರು. ಎರಡನೆಯ ಕಿತ್ತಳೆ ಮುಗಿಯುವಷ್ಟರಲ್ಲಿ ರಫೀಕ್ ಸೋತ. ಜಾಕ್ ಕೊಟ್ಟು, ಹಿಂದಿನ ಎಡಚಕ್ರ ಬಿಚ್ಚಿದ. ಅದರ ಹಿಂದಿನ ಮುಚ್ಚಳ ತೆಗೆದ.

"ಸಾರ್, ಬನ್ನಿ ಇಲ್ಲಿ" ಎಂದು ನನ್ನನ್ನು ಕರೆದ. ಚಕ್ರವನ್ನು ಆಕ್ಸಲ್ಲಿಗೆ ಹಿಡಿದಿಡುವ ದೊಡ್ಡ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಪೆನ್ನಿನ ಕ್ಯಾಪಿನಂತೆ ತಿರುಗಿತು! ಅದು ಕಳಚದಂತೆ ಅಡ್ಡ ಸಿಕ್ಕಿಸುವ ಪಿನ್ನು ಮುರಿದು ಉದುರಿಹೋಗಿತ್ತು.

"ಇನ್ನು ಮೂರು ನಾಲ್ಕು ಸುತ್ತು ಅಷ್ಟೇ. ಸೋಮವಾರ ಇಳಿಜಾರಲ್ಲಿ ಬಂದಿದ್ರೆ, ಚಕ್ರ ಒಂದು ಕಡೆ, ನೀವು ಒಂದು ಕಡೆ."

ಯಾರಿಗೂ ಯಾಕೆ ಕೇಳಿಸಲಿಲ್ಲ ಎಂಬುದೂ ಗೊತ್ತಾಯಿತು. ಹಿಂದಿನ ಎಡ ಸೀಟಿನಲ್ಲಿ ಭಾರವಿದ್ದು, ಕಾರು ಬಲಕ್ಕೆ ತಿರುಗಿದಾಗ ಮಾತ್ರ ಚಕ್ರ ಅಲ್ಲಾಡಿ ಶಬ್ದ ಬರುತ್ತಿತ್ತಂತೆ. ಅದೂ ಆ ಸೀಟಿನಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು. ನಾವೋ, ಪ್ರತಿ ಪರೀಕ್ಷೆಗೂ ಮೊದಲು ದೊಡ್ಡಪ್ಪನನ್ನು ಮರ್ಯಾದೆಯಿಂದ ಆ ಸೀಟಿನಿಂದ ಎಬ್ಬಿಸಿದ್ದೆವು!

"ಸ್ಟೇರಿಂಗ್ ಹಿಡ್ಕೊಂಡು ಕೂತೋರಿಗೆ ಇದು ಕೇಳೋಕೆ ಸಾಧ್ಯನೇ ಇಲ್ಲ. ನಿಮಗೆ ಹೇಗಮ್ಮ ಕೇಳಿಸ್ತು?" ಎಂದ ರಫೀಕ್.

ದೊಡ್ಡಮ್ಮ ಕೈ ಒರೆಸಿಕೊಂಡು ಎದ್ದರು. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ನಂಗೆ ಒಂದು ದಿನಾನೂ ಕೇಳಿಸಿಲ್ಲ ಮಗ. ಕೇಳಿಸಿದ್ದು ಇವ್ರಿಗೆ. 'ಹಿಂದಿನ ಆಕ್ಸಲ್ಲು ಟಿಕ್ ಟಿಕ್ ಅಂತಿದೆ, ಡಿಪೋದಲ್ಲಿ ಹೇಳು' ಅಂದ್ರು. ಮಾರನೇ ದಿನವೂ ಅಂದ್ರು. ನಿನ್ನೆ ಹೇಳಿದ್ದು ನೆನಪಿರಲ್ಲ, ಆದ್ರೆ ಪ್ರತಿ ಸಲ ಅದೇ ಚಕ್ರ ಹೇಳ್ತಿದ್ರು."

"ಮತ್ತೆ ನಿಮಗೆ ಕೇಳಿಸ್ತು ಅಂತ ಯಾಕೆ ಹೇಳಿದ್ರಿ?"

"ಇವ್ರು ಹೇಳಿದ್ರು ಅಂದಿದ್ರೆ ನಿಮ್ಮಲ್ಲಿ ಒಬ್ಬರಾದ್ರೂ ಬಗ್ಗಿ ನೋಡ್ತಿದ್ರಾ?"

ಇಷ್ಟು ದಿನ ಊರಿನವರೆಲ್ಲ ನಕ್ಕದ್ದು ದೊಡ್ಡಮ್ಮನನ್ನು ನೋಡಿ. ದೊಡ್ಡಪ್ಪನನ್ನು ನೋಡಿ ಒಬ್ಬರೂ ನಗಲಿಲ್ಲ.

ಹೊಸ ಪಿನ್ನು ಹಾಕಿಸಿಕೊಂಡು ಹೊರಟೆವು. ದೊಡ್ಡಪ್ಪ ತಮ್ಮ ಜಾಗದಲ್ಲಿ, ನಾನು ಅವರ ಪಕ್ಕದಲ್ಲಿ. ಊರು ದಾಟುತ್ತಿದ್ದಂತೆ ಕೇಳಿದರು:

"ಗ್ಯಾರೇಜಿಗೆ ಯಾಕೆ ಹೋಗಿದ್ವಿ?"

ದೊಡ್ಡಮ್ಮ ಕನ್ನಡಿಯಲ್ಲಿ ಅವರ ಮುಖ ನೋಡಿದರು. "ಹಿಂದಿನ ಚಕ್ರ ಸಡಿಲ ಆಗಿತ್ತು ರೀ. ಮೂರು ಜನ ಮೆಕ್ಯಾನಿಕ್ಕಿಗೆ ಗೊತ್ತಾಗ್ಲಿಲ್ಲ. ನೀವು ಕಂಡುಹಿಡಿದ್ರಿ."

"ನಾನಾ?"

"ನೀವೇ. ಕೂತಲ್ಲೇ ಹೇಳಿದ್ರಿ."

ದೊಡ್ಡಪ್ಪ ನೆಟ್ಟಗೆ ಕೂತರು. ಅಂಗಿಯ ಕಾಲರು ಸರಿಮಾಡಿಕೊಂಡು, ರಸ್ತೆಯನ್ನು ದಿಟ್ಟಿಸಿ ನೋಡತೊಡಗಿದರು. ಶುಂಠಿ ಹೊಲಗಳು ಮುಗಿಯುವ ಹೊತ್ತಿಗೆ ಮತ್ತೆ ಕೇಳಿದರು, ಗ್ಯಾರೇಜಿಗೆ ಯಾಕೆ ಹೋಗಿದ್ವಿ ಎಂದು. ಮನೆ ಮುಟ್ಟುವುದರೊಳಗೆ ಐದು ಸಲ ಕೇಳಿದರು. ಐದು ಸಲವೂ ದೊಡ್ಡಮ್ಮ ಆಗ ತಾನೇ ಬಂದ ಸುದ್ದಿಯ ಹಾಗೆ ಹೇಳಿದರು. ಐದು ಸಲವೂ ಅವರು ನೆಟ್ಟಗೆ ಕೂತರು.