ಎಂಬತ್ತೇಳನೇ ಲೆವೆಲ್‌ನ ಕಮ್ಮಾರ

ದಡ್ಡತನಕ್ಕೆ ವಾರದ ರಜೆ ಅಂತ ಇರುವುದಿಲ್ಲ. ನಮ್ಮ ಪೀಣ್ಯದ ಶೆಡ್ಡಿನಲ್ಲಂತೂ ಅದು ಮೂರು ಶಿಫ್ಟೂ ನಡೆಯುತ್ತದೆ. ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಟರು. ಪೊಲೀಸ್ ಇನ್‌ಸ್ಪೆಕ್ಟರಲ್ಲ, ಟ್ರ್ಯಾಕ್ಟರಿಗೆ ಹೋಗುವ ಗಿಯರು, ಶಾಫ್ಟುಗಳ ಅಳತೆ ನೋಡಿ, ಸರಿ ಇದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ ಅಂಟಿಸುವವನು. ದಿನವಿಡೀ ತಪ್ಪು ಹುಡುಕಿ ಹುಡುಕಿ ಮನುಷ್ಯರಲ್ಲೂ ತಪ್ಪೇ ಕಾಣುವ ಚಾಳಿ ಬಂದಿದೆ ಅಂತ ಮನೆಯಲ್ಲಿ ಬೈಯುತ್ತಾರೆ. ಇರಬಹುದು. ಆದರೆ ನಮ್ಮ ಟೂಲ್ ರೂಮಿನ ಸೂಪರ್‌ವೈಸರನ್ನು ನೋಡಿದರೆ ಎಂಥ ಸಾಧುವಿನ ಕೈಯೂ ತಾನಾಗಿ ಕೆಂಪು ಚೀಟಿಯ ಕಟ್ಟಿನ ಕಡೆಗೆ ಹೋಗುತ್ತದೆ.

ಪೇಡಾ

ಒಂದು ಸೋಮವಾರ ಈ ಸೂಪರ್‌ವೈಸರು ಪೇಡಾ ಡಬ್ಬ ಹಿಡಿದು ಮೆಷಿನ್ನಿಂದ ಮೆಷಿನ್ನಿಗೆ ಹೋಗಿ ಹಂಚತೊಡಗಿದ. ವಯಸ್ಸು ನಲವತ್ನಾಲ್ಕು, ಇಬ್ಬರು ಮಕ್ಕಳ ತಂದೆ. ಮಗಳ ರಿಸಲ್ಟ್ ಬಂದಿರಬೇಕು ಅಂದುಕೊಂಡು ಎಲ್ಲರೂ ಕೈ ಒರೆಸಿಕೊಂಡು ಪೇಡಾ ತೆಗೆದುಕೊಂಡರು. ಎಷ್ಟು ಬಂತು ಅಂತ ಫಿಟ್ಟರ್ ಕೇಳಿದ. ಎಂಬತ್ತೇಳು ಅಂದ ಇವನು. ಯಾವುದರಲ್ಲಿ ಅಂದರೆ ಕಮ್ಮಾರಿಕೆಯಲ್ಲಿ ಅಂದ. ಫಿಟ್ಟರಿಗೂ ಕಾಲೇಜಿಗೆ ಹೋಗುವ ಮಗನಿದ್ದಾನೆ. ಆ ಕೋರ್ಸು ಯಾವ ಕಾಲೇಜಲ್ಲಿದೆ, ಸೀಟು ಸಿಗುತ್ತದಾ ಅಂತ ಪಾಪ ಬಹಳ ಆಸ್ಥೆಯಿಂದ ವಿಚಾರಿಸಿದ.

ಆಗ ವಿಷಯ ಹೊರಬಿತ್ತು. ಮೊಬೈಲಿನಲ್ಲಿ ಒಂದು ಆಟ. ಅದರೊಳಗೆ ಒಂದು ದೇಶ, ಆ ದೇಶದಲ್ಲಿ ಇವನದೇ ಒಂದು ಗೊಂಬೆ. ಗೊಂಬೆ ಮರ ಕಡಿಯುತ್ತದೆ, ಮೀನು ಹಿಡಿಯುತ್ತದೆ, ಅಡುಗೆ ಮಾಡುತ್ತದೆ, ಕಬ್ಬಿಣ ಕಾಸಿ ಕತ್ತಿ ಬಡಿಯುತ್ತದೆ. ಮಾಡಿದಷ್ಟೂ ಆಯಾ ವಿದ್ಯೆಯ ಲೆವೆಲ್ ಒಂದೊಂದೇ ಏರುತ್ತದೆ. ಬೇರೆ ಬೇರೆ ಊರಿನ ಸಾವಿರಾರು ಜನ ಇದೇ ದೇಶದಲ್ಲಿ ಹೀಗೇ ಮರ ಕಡಿಯುತ್ತ ನಿಂತಿರುತ್ತಾರಂತೆ. ಇವನ ಕಮ್ಮಾರಿಕೆ ಹಿಂದಿನ ದಿನ ಎಂಬತ್ತೇಳಕ್ಕೆ ಬಂದಿತ್ತು. ಪೇಡಾ ಅದಕ್ಕೆ.

ಟೂಲ್ ರೂಮ್ ಅಂದರೆ ಮೆಷಿನ್ನುಗಳಿಗೆ ಬೇಕಾದ ಗೂಟ, ಹಿಡಿಕೆ, ಅಚ್ಚುಗಳನ್ನು ಕಬ್ಬಿಣದಲ್ಲಿ ಮಾಡಿಕೊಡುವ ಜಾಗ. ಅಂದರೆ ಸಂಬಳ ತೆಗೆದುಕೊಂಡು ಇವನು ಮಾಡಬೇಕಾದ್ದೂ ಕಮ್ಮಾರಿಕೆಯೇ. ಅವತ್ತು ಬೆಳಗ್ಗೆ ಇವನು ಕಳಿಸಿದ್ದ ಹನ್ನೆರಡು ಗೂಟಗಳಲ್ಲಿ ಹನ್ನೆರಡಕ್ಕೂ ಕೆಂಪು ಚೀಟಿ ಅಂಟಿಸಿ ನನ್ನ ಮೇಜಿನ ಮೇಲೆ ಇಟ್ಟಿದ್ದೆ. ಕರೆದು ತೋರಿಸಿದೆ. ಅವನು ಬೇಜಾರಿನ ಮುಖ ಮಾಡಿ, "ಇಲ್ಲೇನು ಅಣ್ಣ, ಇಪ್ಪತ್ತು ವರ್ಷ ಮಾಡಿದ್ರೂ ಒಂದು ನಂಬರ್ ಏರಲ್ಲ" ಅಂದ.

"ಏರಿದೆಯಲ್ಲಪ್ಪಾ," ಅಂದೆ, ಮೈಕ್ರೋಮೀಟರ್ ಅವನ ಕೈಗೆ ಕೊಟ್ಟು. "ನೋಡು, ಒಂದೊಂದೂ ಇರಬೇಕಾದ ಅಳತೆಗಿಂತ ಹದಿನೈದು ಮೈಕ್ರಾನ್ ಏರಿದೆ."

ಬೋರ್ಡು

ಅವನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಸ್ಕೇಲಿಟ್ಟು ಗೆರೆ ಎಳೆದಿದ್ದ. ಯಾವ ವಿದ್ಯೆ, ಇವತ್ತಿನ ಗುರಿ ಎಷ್ಟು, ಆದದ್ದೆಷ್ಟು, ಕಡಿಮೆ ಬಿದ್ದರೆ ಕಾರಣವೇನು, ಅದಕ್ಕೆ ತೆಗೆದುಕೊಂಡ ಕ್ರಮವೇನು. ಐದು ಕಾಲಮ್ಮು, ಕೆಂಪು ನೀಲಿ ಶಾಯಿ, ಕೊನೆಯಲ್ಲಿ ತಾರೀಖು ಹಾಕಿ ಸಹಿ. ಇದೇ ಐದು ಕಾಲಮ್ಮಿನ ಬಿಳಿ ಬೋರ್ಡನ್ನು ಟೂಲ್ ರೂಮಿನ ಕೆಲಸ ಬರೆಯಲಿ ಅಂತ ಕಂಪನಿಯವರು ಗೋಡೆಗೆ ಹಾಕಿಕೊಟ್ಟು ಮೂರು ವರ್ಷವಾಗಿತ್ತು. ಅದರ ಮೇಲೆ ಒಂದು ಅಕ್ಷರ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನೋಟ್‌ಬುಕ್ ತುಂಬಿಹೋದ ದಿನ ಬಿತ್ತು.

ಅದೇ ದಿನ ನಮ್ಮಿಂದ ಮಾಲು ಕೊಳ್ಳುವ ಕಂಪನಿಯ ಆಡಿಟರು ಬಂದರು. ಹೊರ ರಾಜ್ಯದವರು, ಕನ್ನಡ ಬಾರದು. ಮಧ್ಯಾಹ್ನದ ಹೊತ್ತಿಗಾಗಲೇ ನಮ್ಮಲ್ಲಿ ಐದು ತಪ್ಪು ಹಿಡಿದಿದ್ದರು. ಇನ್ನೊಂದು ಸಿಕ್ಕಿದರೆ ಆರು ತಿಂಗಳು ಆರ್ಡರು ನಿಲ್ಲುತ್ತದೆ, ಒಂದು ಶಿಫ್ಟಿನ ಜನ ಮನೆಗೆ ಹೋಗಬೇಕಾಗುತ್ತದೆ ಅಂತ ನಮ್ಮ ಮಾಲೀಕರು ನನ್ನ ಕಿವಿಯಲ್ಲಿ ಹೇಳಿದ್ದರು. ಆಡಿಟರು ಟೂಲ್ ರೂಮಿಗೆ ಕಾಲಿಟ್ಟವರೇ ಬೋರ್ಡಿನ ಮುಂದೆ ನಿಂತುಬಿಟ್ಟರು. ಮೊದಲ ಸಾಲು ಹೀಗಿತ್ತು: ಕಬ್ಬಿಣದ ಗಟ್ಟಿ, ಗುರಿ ಇನ್ನೂರು, ಆದದ್ದು ನೂರಾನಲವತ್ತು, ಕಾರಣ ಡ್ರ್ಯಾಗನ್, ಕ್ರಮ ದೊಡ್ಡ ಕತ್ತಿ.

ಓದಿ ಹೇಳಿ ಅಂತ ನನಗೇ ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ನಾನು ಸುಳ್ಳು ಅಳತೆ ಬರೆದವನಲ್ಲ. ಅವತ್ತೂ ಬರೆಯಲಿಲ್ಲ, ಅನುವಾದ ಮಾಡಿದೆ. ಕಚ್ಚಾ ಮಾಲು ಕಬ್ಬಿಣ ಅಂದೆ. ಕಡಿಮೆ ಬಿದ್ದದ್ದಕ್ಕೆ ಕಾರಣ ವಿಪರೀತ ಶಾಖ ಅಂದೆ. ಡ್ರ್ಯಾಗನ್ ಬೆಂಕಿ ಉಗುಳುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು. ಕ್ರಮ ಏನಂದರೆ ಇನ್ನೂ ದೊಡ್ಡ ಕಟಿಂಗ್ ಟೂಲ್ ತರಿಸುವುದು ಅಂದೆ. ಆಡಿಟರು ತಲೆದೂಗಿದರು. ಇಡೀ ಕಾರ್ಖಾನೆಯಲ್ಲಿ ಇದೊಂದೇ ಪ್ರಾಮಾಣಿಕವಾಗಿ ಬರೆದ ಬೋರ್ಡು, ಉಳಿದ ವಿಭಾಗದವರೂ ಇದನ್ನೇ ಅನುಸರಿಸಬೇಕು ಅಂತ ರಿಪೋರ್ಟಿನಲ್ಲಿ ಬರೆದು ಹೋದರು. ಆರ್ಡರು ಉಳಿಯಿತು.

ಮಾಲೀಕರಿಗೆ ಆನಂದ ತಡೆಯಲಾಗಲಿಲ್ಲ. ಬೋರ್ಡಿನ ಫೋಟೋ ತೆಗೆದು ಪ್ರಿಂಟಿಂಗಿಗೆ ಕಳಿಸಿ, ಎಲ್ಲ ವಿಭಾಗಕ್ಕೂ ಅಂಥದ್ದೇ ಒಂದೊಂದು ಮಾಡಿಸಿದರು. ಪ್ರಿಂಟಿಂಗಿನವರು ಇದ್ದದ್ದನ್ನು ಇದ್ದಹಾಗೇ ಅಚ್ಚು ಹಾಕಿದ್ದರಿಂದ ಪ್ಯಾಕಿಂಗು, ಡಿಸ್ಪ್ಯಾಚು, ಕ್ಯಾಂಟೀನು ಎಲ್ಲ ಕಡೆಯೂ ಕಾರಣದ ಕಾಲಮ್ಮಿನಲ್ಲಿ ಡ್ರ್ಯಾಗನ್ ಅಂತಲೇ ಬಂತು. ಆಮೇಲೆ ಮಾಲೀಕರು ಮೀಟಿಂಗಿನಲ್ಲಿ, ಕೈಜೆನ್ ಇದ್ದ ಹಾಗೆ ಇದೂ ಜಪಾನಿನವರ ಪದ್ಧತಿಯಾ ಅಂತ ಸೂಪರ್‌ವೈಸರನ್ನು ಕೇಳಿದರು. ಹೌದು ಸಾರ್ ಅಂದ. ಹಾಗಾದರೆ ಶನಿವಾರ ಎಲ್ಲರಿಗೂ ಎರಡು ಗಂಟೆ ತರಬೇತಿ ಕೊಡು ಅಂದರು. ಕೊಟ್ಟ. ಇಂಜಿನಿಯರಿಂಗ್ ಓದಿದವರೆಲ್ಲ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು.

ಮೀನು

ಮೀನುಗಾರಿಕೆಯಲ್ಲಿ ಅವನು ಎಪ್ಪತ್ತಾರು, ಅಡುಗೆಯಲ್ಲಿ ಎಂಬತ್ತೊಂದು. ಇದನ್ನು ಹೆಂಡತಿಯ ಮುಂದೆ ಹೇಳಿಕೊಳ್ಳುವಷ್ಟು ತಿಳಿಗೇಡಿ. ಆಕೆ ಬಾಗಲಗುಂಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ಮನೆಯನ್ನೂ ನೋಡಿಕೊಳ್ಳುವ ಹೆಂಗಸು, ಮಾತು ಕಡಿಮೆ. ಒಂದು ಭಾನುವಾರ ಅವಳ ಅಣ್ಣನ ಮನೆಯವರು ಊಟಕ್ಕೆ ಬರುವವರಿದ್ದರು. ಹಾಗಾದರೆ ಇವತ್ತಿನ ಮೀನಿನ ಅಡುಗೆ ನಿಮ್ಮದೇ ಅಂತ ಹೇಳಿ ಅವಳು ಹೊಲಿಗೆಗೆ ಕೂತುಬಿಟ್ಟಳು. ಇವನು ಹಿಗ್ಗಿ ನನ್ನನ್ನೂ ಊಟಕ್ಕೆ ಕರೆದ. ತಮಾಷೆ ನೋಡೋಣ ಅಂತ ನಾನೂ ಹೋದೆ. ಆ ತಪ್ಪು ನನ್ನದು.

ದಾಸರಹಳ್ಳಿಯ ಅಂಗಡಿಯಲ್ಲಿ ಮೀನಿನವನು ಎಲ್ಲರಿಗೂ ಕಿವಿರು ಎತ್ತಿ ತೋರಿಸಿ ಮಾರುತ್ತಾನೆ. ಇವನು ಅದನ್ನೆಲ್ಲ ನೋಡುವ ಗೋಜಿಗೆ ಹೋಗದೆ, ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ಕೇಳಿದ. ಯಾರಾದರೂ ಕೇಳಲಿ ಅಂತ ಎರಡು ದಿನದಿಂದ ಕಾಯುತ್ತಿದ್ದ ಮೀನಿನವನು ಐದು ಮೀನು ಸಂತೋಷವಾಗಿ ಕೊಟ್ಟ. ಕ್ಲೀನ್ ಮಾಡಿಕೊಡಲಾ ಅಂತ ಅವನಾಗಿಯೇ ಕೇಳಿದ. ಬೇಡ ಅಂದ ನಮ್ಮ ಎಂಬತ್ತೊಂದು. ಆಟದಲ್ಲಿ ಮೀನನ್ನು ಹಿಡಿದದ್ದೇ ತಡ ಬೆಂಕಿಗೆ ಹಾಕುವುದಂತೆ, ಮಧ್ಯೆ ಇನ್ನೇನೂ ಕೆಲಸವಿಲ್ಲವಂತೆ.

ಮೊದಲನೇ ಮೀನನ್ನು ಹುರುಪೆ, ಕರುಳು ಸಮೇತ ಕಾವಲಿಗೆ ಹಾಕಿದ. ಅರ್ಧ ಗಂಟೆಯಲ್ಲಿ ಎದುರುಮನೆಯವರು ಬಂದು ಚರಂಡಿ ಒಡೆದಿದೆಯಾ ಅಂತ ಕೇಳಿ ಹೋದರು. ಆಟದಲ್ಲಿ ಸೀದರೆ ಎಸೆದು ಇನ್ನೊಂದು ಹಾಕುತ್ತೇವೆ ಅಂತ ಇವನು ಎರಡನೆಯದನ್ನು ಹಾಕಿದ. ಐದೂ ಹೀಗೇ ಮುಗಿದವು. ಬಂದ ನೆಂಟರು ಪರಿಸ್ಥಿತಿ ನೋಡಿ ತಾವೇ ಹೋಗಿ ಮೊಟ್ಟೆ ತಂದರು. ಮೊಟ್ಟೆ ಪಲ್ಯ, ಅನ್ನ, ತಿಳಿಸಾರು ಊಟ ಮಾಡಿದೆವು. ಕಾವಲಿ ಹಿತ್ತಲಿಗೆ ಹೋಯಿತು.

ಊಟವಾದ ಮೇಲೆ ಅವನ ಹೆಂಡತಿ ನನಗೆ ಎಲೆ ಅಡಿಕೆ ಕೊಡುತ್ತ ಮೊದಲ ಸಲ ಬಾಯಿ ಬಿಟ್ಟಳು. "ಆ ಆಟದಲ್ಲಿ ನೀವು ಬೇಯಿಸಿದ್ದನ್ನ ಯಾರು ತಿಂತಾರ್ರೀ ಅಂತ ಕೇಳ್ದೆ ಅಣ್ಣ. ಇವರೇ ತಿಂತಾರಂತೆ. ಅದಕ್ಕೇ ದಿನಕ್ಕೆ ಹತ್ತು ಸಲ ಸಾಯ್ತಾರೆ ಅಲ್ಲಿ."

ಹರ್ನಿಯಾ

ಒಂದು ಕಬ್ಬಿಣದ ಅಚ್ಚು ಎತ್ತುವಾಗ ಅವನಿಗೆ ಹೊಟ್ಟೆಯ ಕೆಳಗೆ ಹಿಡಿದುಕೊಂಡಿತು. ಡಾಕ್ಟರು ನೋಡಿ ಹರ್ನಿಯಾ, ಕರುಳು ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು, ಈ ವಾರವೇ ಆಪರೇಷನ್ ಆಗಬೇಕು ಅಂದರು. ಇವನು ಮುಂದಿನ ತಿಂಗಳು ಮಾಡಿಸುತ್ತೇನೆ ಅಂದ. ಯಾಕೆ ಅಂದರೆ, ದಿನದ ಗುರಿಗಳನ್ನು ಒಂದು ದಿನವೂ ತಪ್ಪದೆ ಮುನ್ನೂರ ನಲವತ್ತು ದಿನ ಮಾಡಿದ್ದಾನೆ, ಇನ್ನು ಇಪ್ಪತ್ತೈದು ದಿನ ಮಾಡಿದರೆ ವರ್ಷ ತುಂಬುತ್ತದೆ, ಗೊಂಬೆಗೆ ಒಂದು ಬಂಗಾರದ ಬಣ್ಣದ ಟೋಪಿ ಸಿಗುತ್ತದೆ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ.

ಅವನ ಹೆಂಡತಿ ಫೋನ್ ಮಾಡಿ ಅತ್ತಳು. ಮಾತು ಕಡಿಮೆಯ ಹೆಂಗಸು ಅತ್ತರೆ ಕೇಳುವುದು ಕಷ್ಟ. ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಎರಡು ಮಕ್ಕಳಿರುವವನಿಗೆ ಟೋಪಿಯ ಚಿಂತೆಯಾ ಅಂದೆ. ಎಲ್ಲ ಕೇಳಿಸಿಕೊಂಡು, ಆಸ್ಪತ್ರೆಯಲ್ಲಿರುವಷ್ಟು ದಿನ ನೀವು ಮಾಡಿಕೊಡುವುದಾದರೆ ಸೇರುತ್ತೇನೆ ಅಂದ. ಒಪ್ಪದೆ ವಿಧಿಯಿರಲಿಲ್ಲ.

ತನ್ನ ಮೊಬೈಲ್ ನನ್ನ ಕೈಗಿಟ್ಟು, ಮಾಡುವುದು ಹೇಗೆ ಅಂತ ನಾಲ್ಕು ಪುಟ ಬರೆದುಕೊಟ್ಟ. ಅವನು ನನಗೆ ಕಳಿಸುವ ಡ್ರಾಯಿಂಗಿನಲ್ಲಿ ಅರ್ಧ ಅಳತೆ ಇರುವುದಿಲ್ಲ. ಇಲ್ಲಿ ನೋಡಿದರೆ ಎಡದಿಂದ ಮೂರನೇ ಮರ, ಎರಡನೆಯದಲ್ಲ, ಬೇಲಿಗೆ ಬೆನ್ನು ಹಾಕಿ ನಿಲ್ಲಬೇಕು ಅನ್ನುವವರೆಗೆ ವಿವರ. ಅವನನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಐವತ್ತಾರು ವರ್ಷದ ಕೈಬೆರಳಿನಲ್ಲಿ ಮರ ಕಡಿಯತೊಡಗಿದೆ. ಅರವತ್ತು ದಿಮ್ಮಿ ಆಗಬೇಕಿತ್ತು. ಯಾರೋ ಒಬ್ಬ ಬಂದು ನನ್ನ ಮರಕ್ಕೇ ಕೊಡಲಿ ಹಾಕಿದ. ನಾನು ಜಾಗ ಬಿಡಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ನರ್ಸು ಬಾಗಿಲು ತೆಗೆದು, ಆಪರೇಷನ್ ಮುಗಿಯಿತು, ಚೆನ್ನಾಗಿದ್ದಾರೆ, ಪೇಷಂಟ್ ಕಡೆಯವರು ಬನ್ನಿ ಅಂದಳು. ನಾನು ತಲೆ ಎತ್ತದೆ ಕೈ ತೋರಿಸಿ, "ಒಂದ್ನಿಮಿಷ ಇರಮ್ಮ, ಇನ್ನು ಹನ್ನೊಂದೇ ಬಾಕಿ" ಅಂದೆ. ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿ ನನ್ನನ್ನು ನೋಡಿದಳು. ಆ ನೋಟ ಅಲ್ಲಿಯವರೆಗೆ ಅವನೊಬ್ಬನಿಗೇ ಮೀಸಲಾಗಿತ್ತು.

ಕ್ಯಾಪ್ಟನ್

ಈ ಆಟದಲ್ಲಿ ಒಬ್ಬೊಬ್ಬರೇ ಇರುವುದಿಲ್ಲ, ಗುಂಪು ಕಟ್ಟಿಕೊಂಡಿರುತ್ತಾರೆ. ಇವನ ಗುಂಪಿಗೆ ಒಬ್ಬ ಕ್ಯಾಪ್ಟನ್ ಇದ್ದ. ಯಾರು ಇವತ್ತು ಏನು ಮಾಡಬೇಕು ಅಂತ ಹೇಳುವುದು, ಮಾಡದಿದ್ದರೆ ಬೈಯುವುದು ಅವನ ಕೆಲಸ. ಆಫೀಸಿನಲ್ಲಿ ಮಾಲೀಕರ ಫೋನಿಗೂ ಕೂತೇ ಉತ್ತರ ಕೊಡುವ ಸೂಪರ್‌ವೈಸರು, ಊಟದ ಹೊತ್ತಿನಲ್ಲಿ ಕ್ಯಾಪ್ಟನ್ನಿನ ಮೆಸೇಜು ಬಂದರೆ ಎದ್ದು ನಿಂತು ಓದುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಭಾಷೆ ನೋಡಿದರೆ ಉತ್ತರ ಕರ್ನಾಟಕದವನು, ಗತ್ತು ನೋಡಿದರೆ ಪೊಲೀಸ್ ಇಲಾಖೆಯ ದೊಡ್ಡ ಅಧಿಕಾರಿಯೇ ಇರಬೇಕು ಅಂತ ಇವನ ಅಂದಾಜು.

ಆಪರೇಷನ್ನಿನ ಮರುದಿನ ನಾನು ಮೊಬೈಲ್ ತೆರೆದ ಕೂಡಲೇ ಕ್ಯಾಪ್ಟನ್ನಿನ ಪ್ರಶ್ನೆ ಬಂತು: ನಿನ್ನೆ ಮರ ಕಡದಾಂವ ಯಾರು, ನಮ್ಮ ಮಂದಿ ಹಿಂಗ ಕಡಿಯೂದಿಲ್ಲ. ಇದ್ದದ್ದು ಇದ್ದಹಾಗೆ ಬರೆದೆ. ಅವರಿಗೆ ಹರ್ನಿಯಾ ಆಪರೇಷನ್ ಆಗಿದೆ, ನಾನು ಅವರ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ನೋಡುವವನು. ಯಾವ ಫ್ಯಾಕ್ಟರಿ ಅಂತ ಬಂತು. ಪೀಣ್ಯದಲ್ಲಿ, ಗಿಯರ್ ಮಾಡುತ್ತೇವೆ ಅಂದೆ. ಆಮೇಲೆ ಒಂದೇ ಸಾಲು ಬಂತು: ಟೂಲ್ ರೂಮಿನ ಸರ್ ಏನ್ರಿ?

ಅವತ್ತು ಮಧ್ಯಾಹ್ನ ನಾನು ಡ್ಯೂಟಿಗೆ ಹೋದಾಗ ನನ್ನ ಮೇಜಿನ ಹತ್ತಿರ ಟೂಲ್ ರೂಮಿನ ಗ್ರೈಂಡಿಂಗ್ ಮೆಷಿನ್ ಆಪರೇಟರು ನಿಂತಿದ್ದಳು. ಗದಗದ ಕಡೆಯವಳು, ಚೊಕ್ಕಸಂದ್ರದಲ್ಲಿ ಬಾಡಿಗೆ ರೂಮು, ಎಂಟು ವರ್ಷದಿಂದ ಸೂಪರ್‌ವೈಸರನ ಕೈಕೆಳಗೆ ಅವನ ಕುರ್ಚಿಯಿಂದ ಹತ್ತಡಿ ದೂರದಲ್ಲಿ ಕೆಲಸ. ಸರ್ರನ್ನು ಯಾವ ವಾರ್ಡಿನಲ್ಲಿ ಇಟ್ಟಿದ್ದಾರೆ ಅಂತ ಕೇಳಿದಳು. ಕೈಯಲ್ಲಿ ಮೂಸಂಬಿ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ನನ್ನದೇ ಮಾತುಗಳು.

ಇಡೀ ವರ್ಷ ಊಟದ ಹೊತ್ತಿನಲ್ಲಿ ಆ ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು, ಇವಳು ಆಜ್ಞೆ ಮಾಡುತ್ತಿದ್ದಳು, ಅವನು ಎದ್ದು ನಿಲ್ಲುತ್ತಿದ್ದ. ಇಬ್ಬರಿಗೂ ಗೊತ್ತಿರಲಿಲ್ಲ. ಇನ್ನೂ ಒಂದು ಸಂಗತಿ ಇದೆ. ಲೈನ್ ಲೀಡರ್ ಕೆಲಸಕ್ಕೆ ಈಕೆ ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಪ್ರತಿ ವರ್ಷ ಸೂಪರ್‌ವೈಸರು ಅವಳ ಫಾರಂನಲ್ಲಿ, ಗುರಿ ಇಟ್ಟುಕೊಂಡು ಕೆಲಸ ಮಾಡುವ ಸ್ವಭಾವವಿಲ್ಲ, ನಾಯಕತ್ವದ ಗುಣವಿಲ್ಲ ಅಂತ ಬರೆಯುತ್ತಿದ್ದ. ಅವಳ ಅರ್ಜಿ ಅಲ್ಲಿಗೆ ನಿಲ್ಲುತ್ತಿತ್ತು. ಆ ಮೂರು ಫಾರಂಗಳಿಗೂ ಕೆಳಗೆ ಇನ್ನೊಂದು ಸಹಿ ಇದೆ. ಅದು ನನ್ನದು. ಕಬ್ಬಿಣವಾದರೆ ಅಳೆದು ನೋಡಿ ಸಹಿ ಹಾಕುತ್ತೇನೆ, ಮನುಷ್ಯರಾದರೆ ಹಾಗೇ ಹಾಕಿಬಿಡುತ್ತೇನೆ.

ಶಿಫ್ಟು ಮುಗಿಸಿ ಇಬ್ಬರೂ ಆಸ್ಪತ್ರೆಗೆ ಹೋದೆವು. ಸೂಪರ್‌ವೈಸರು ಅವಳನ್ನು ನೋಡಿ ದಿಂಬಿಗೆ ಒರಗಿಕೊಂಡು, ಗ್ರೈಂಡಿಂಗ್ ಬಿಟ್ಟು ಯಾಕೆ ಬಂದೆ ಅನ್ನುವ ದನಿಯಲ್ಲಿ ಒಂದೆರಡು ಮಾತಾಡಿದ. ನಾನು ಅವನ ಮೊಬೈಲ್ ವಾಪಸು ಕೊಟ್ಟೆ. ತಕ್ಷಣ ಏನೋ ಒತ್ತಿದ. ಅವಳ ಬ್ಯಾಗಿನಲ್ಲಿ ಟಿಣ್ ಅಂತು. ಮತ್ತೊಮ್ಮೆ ಒತ್ತಿದ. ಮತ್ತೊಮ್ಮೆ ಟಿಣ್ ಅಂತು. ಅವಳು ಮೊಬೈಲ್ ತೆಗೆದು, ಕ್ಯಾಪ್ಟನ್ ಸಾರ್, ನಾಳೆಯಿಂದ ಕೆಲಸಕ್ಕೆ ಬರುತ್ತೇನೆ ಅಂತ ಇದ್ದದ್ದನ್ನು ಗಟ್ಟಿಯಾಗಿ ಓದಿದಳು.

"ನಾಳಿಂದ ಬ್ಯಾಡ್ರಿ ಸರ," ಅಂದಳು. "ಭಾರ ಎತ್ತಬಾರದಂತ ಡಾಕ್ಟರ್ ಹೇಳ್ಯಾರ. ಹದಿನೈದು ದಿನ ಕೊಡ್ಲಿ ಕೆಳಗಿಡ್ರಿ."

ಅವನು ಮೊಬೈಲ್ ನೋಡಿದ, ಅವಳನ್ನು ನೋಡಿದ, ರೂಢಿಯಂತೆ ಎದ್ದು ನಿಲ್ಲಲು ಹೋದ. ಹೊಲಿಗೆ ಎಳೆದು ಹಾ ಅಂತ ಕೂತ. ಆಮೇಲೆ ಅವನು ತಲೆ ತಗ್ಗಿಸಿಕೊಂಡು, ಈ ಸಲ ಫಾರಂ ಸರಿಯಾಗಿ ಬರೆಯುತ್ತೇನೆ ಅಂದ. ಬರೆದ ಕೂಡ. ಈಗ ಅವಳೇ ಲೈನ್ ಲೀಡರು, ಟೂಲ್ ರೂಮಿನಿಂದ ಬರುವ ಮಾಲಿಗೆ ನಾನು ಕೆಂಪು ಚೀಟಿ ಅಂಟಿಸುವುದು ಅಪರೂಪ.

ಆದರೆ ಅವತ್ತು ಆಸ್ಪತ್ರೆಯಿಂದ ಹೊರಗೆ ಬರುವಾಗ ಅವಳು ನನಗೊಂದು ಮಾತು ಹೇಳಿದಳು. ಗುಂಪಿನವರ ಬಗ್ಗೆ ತಿಂಗಳಿಗೊಮ್ಮೆ ಕ್ಯಾಪ್ಟನ್ನೂ ಒಂದೆರಡು ಸಾಲು ಬರೆಯಬೇಕಂತೆ, ಅವರು ಯಾರು ಅಂತ ಗೊತ್ತಿಲ್ಲದೆ ಸರ್ ಬಗ್ಗೆ ತಾನೂ ಬರೆದಿದ್ದಳಂತೆ. ಏನು ಬರೆದಿದ್ದೀಯಮ್ಮ ಅಂತ ಕೇಳಿದೆ. ಸಂಕೋಚಪಟ್ಟು ಮೊಬೈಲ್ ತೋರಿಸಿದಳು.

"ಆಳು ಛಲೋ ಅದಾನ. ಹೇಳಿದ್ದು ಮಾಡ್ತಾನ. ಮ್ಯಾಲ್ವಿಚಾರಣಿ ಮಾತ್ರ ಕೊಡಬ್ಯಾಡ್ರಿ."

ಅದೊಂದಕ್ಕಾದರೆ ನಾನು ಪೂರ್ತಿ ಓದಿಯೇ ಸಹಿ ಹಾಕುತ್ತಿದ್ದೆ.